ಬಿಳಿ ಕೋಟಿನ ಹುಡುಗಿ ಕೇಳಿದ್ದು

"ನಮ್ಮಮ್ಮನಿಗೆ ಮಾತ್ರೆ ಬಿಡಿ ಅಂತ ಹೇಳಿದ್ದು ನೀವೇನಾ?"

ನಮ್ಮ ಹುಡುಗಿ ತಲೆ ಎತ್ತಿದಳು. ಮೇಜಿನ ಆಚೆ ಎತ್ತರದ ಮನುಷ್ಯನೊಬ್ಬ ನಿಂತಿದ್ದ. ಹೆಗಲಲ್ಲಿ ಸ್ಪ್ಯಾನರು, ಸ್ಕ್ರೂಡ್ರೈವರು ತುಂಬಿದ ಭಾರದ ಚೀಲ, ಮೊಣಕೈವರೆಗೂ ಗ್ರೀಸಿನ ಕಲೆ, ಬೋಳಿಸದ ಗಡ್ಡ, ನಿದ್ದೆಗೆಟ್ಟು ಕೆಂಪಾದ ಕಣ್ಣು. ಕೈಯಲ್ಲಿದ್ದ ಖಾಲಿ ಬಾಟಲಿಯನ್ನು ಅವಳ ಮುಂದೆ ಕುಕ್ಕಿದ.

ಆ ಬಾಟಲಿಯನ್ನು ಅವಳು ನೋಡಿ ನೋಡಿ ಬೇಸತ್ತಿದ್ದಳು. ಹುದುಗಿಸಿದ ಹಾಲಿನ ಪಾನೀಯ. ಮೇಲೆ ಹಸಿರು ಅಕ್ಷರಗಳಲ್ಲಿ ‘ರಕ್ತದೊತ್ತಡದ ಹತೋಟಿಗೆ ನೆರವು’ ಎಂದು ಬರೆದಿತ್ತು. ಅದನ್ನು ಕೊಳ್ಳಲು ಬಂದವರನ್ನು ನಿಲ್ಲಿಸಿ ಅವರ ಅಭಿಪ್ರಾಯ ಕೇಳುವುದೇ ಅವಳ ಕೆಲಸ.

"ನಾನಾ? ಇಲ್ಲ... ನಾನು ಯಾರಿಗೂ ಏನೂ ಹೇಳಲ್ಲ. ನಮಗೆ ಹೇಳೋ ಹಾಗೇ ಇಲ್ಲ. ನಾನು ಬರೀ ಕೇಳ್ತೀನಿ."

"ಹಾಗಾದ್ರೆ ನಮ್ಮಮ್ಮ ಆಸ್ಪತ್ರೆ ಹಾಸಿಗೆ ಮೇಲೆ ಮಲಗ್ಕೊಂಡು ಸುಳ್ಳು ಹೇಳ್ತಿದ್ದಾರೆ ಅನ್ನಿ."

ಫ್ರಿಜ್ಜುಗಳ ಸಾಲಿನ ಮುಂದೆ ನಿಂತಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವನಿಗೆ ಅದು ಗೊತ್ತಾಗಿ ದನಿ ತಗ್ಗಿಸಿದ. ತಾಯಿ ಬಚ್ಚಲಲ್ಲಿ ಕುಸಿದು ಬಿದ್ದಿದ್ದರು. ಬಿ.ಪಿ. ಆಕಾಶಕ್ಕೇರಿತ್ತು. ಜೀವಕ್ಕೇನೂ ಅಪಾಯವಾಗಲಿಲ್ಲ, ಆದರೆ ಎಡಗೈ ಬೆರಳುಗಳು ಹೇಳಿದ ಮಾತು ಕೇಳುತ್ತಿಲ್ಲ. ಮಾತ್ರೆ ಯಾಕೆ ನಿಲ್ಲಿಸಿದಿರಿ ಎಂದು ಡಾಕ್ಟರು ಕೇಳಿದರೆ, ಅಂಗಡಿಯ ಬಿಳಿ ಕೋಟಿನ ಹುಡುಗಿ ಬಿಡಬಹುದು ಅಂದಳು ಎಂದು ತಾಯಿ ತಣ್ಣಗೆ ಉತ್ತರ ಕೊಟ್ಟಿದ್ದರು.

"ಕೋಟು ಹಾಕ್ಕೊಂಡ ಮೇಲೆ ಆ ಕೋಟಿಗೊಂದು ಬೆಲೆ ಇರುತ್ತೆ ರೀ," ಎಂದು ಅವನು ಹೊರಟುಹೋದ. ಬಾಟಲಿ ಅಲ್ಲೇ ಉಳಿಯಿತು.

ಯಾರಪ್ಪ ಇವನು... ಬಂದ, ಬೈದ, ಹೋದ. ಕೋಪಕ್ಕಿಂತ ಹೆಚ್ಚಾಗಿ ಅವಳಿಗೆ ಅಳು ಬಂತು.

ಅವಳ ಕೆಲಸದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಈಗಿನ ಅಂಗಡಿಗಳಲ್ಲಿ ಹಾಲು ಬರೀ ಹಾಲಲ್ಲ, ಎಲುಬಿಗೆ ಬಲ. ಬಿಸ್ಕತ್ತು ಬರೀ ಬಿಸ್ಕತ್ತಲ್ಲ, ಕರುಳಿಗೆ ನಾರು. ಮೊಟ್ಟೆ ಕೂಡ ಹೃದಯದ ಬಗ್ಗೆ ಮಾತಾಡುತ್ತದೆ. ಇಂಥ ತಿಂಡಿ ತೀರ್ಥಗಳ ಬಗ್ಗೆ ಜನರಿಗೆ ಎಷ್ಟು ಗೊತ್ತು, ಎಷ್ಟು ನಂಬುತ್ತಾರೆ ಎಂದು ತಿಳಿಯುವ ಸಂಸ್ಥೆಯೊಂದರಲ್ಲಿ ಅವಳು ಪ್ರಶ್ನೆ ಕೇಳುವವಳು.

ಜನರೋ, ಎಂಥೆಂಥವರು ಬರುತ್ತಿದ್ದರು ಅಂತೀರಿ! ನಾರಿನ ಬಿಸ್ಕತ್ತು ಹೊಟ್ಟೆಗೆ ಒಳ್ಳೆಯದೆಂದು ಇಡೀ ಪೊಟ್ಟಣವನ್ನು ಒಂದೇ ಸಲಕ್ಕೆ ತಿಂದು, ಮರುದಿನ ಜಗಳಕ್ಕೆ ಬಂದ ಮಾವ. ಮೊಸರಿನಲ್ಲಿ ಬ್ಯಾಕ್ಟೀರಿಯಾ ಇದೆ ಎಂದು ತಾವೇ ಬರೆದುಕೊಂಡಿದ್ದಾರಲ್ಲ, ಇವರ ಮೇಲೆ ಕೇಸು ಹಾಕಬೇಕು ಎಂದ ಅಜ್ಜಿ. ಸಣ್ಣ ಅಕ್ಷರವನ್ನೆಲ್ಲ ಫೋನಿನಲ್ಲಿ ದೊಡ್ಡದು ಮಾಡಿ ಓದಿ, ಕೊನೆಗೆ ಚಿತ್ರ ಚೆನ್ನಾಗಿರುವ ಡಬ್ಬಿಯನ್ನೇ ಆರಿಸಿದ ಮೇಷ್ಟ್ರು. ಎಲ್ಲರ ಮಾತಿಗೂ ಅವಳು ಒಂದೇ ಥರ ನಗಬೇಕು. ತಪ್ಪು ಹೇಳಿದರೂ ತಿದ್ದಬಾರದು. ಯಾರಾದರೂ ತಿರುಗಿ ಪ್ರಶ್ನೆ ಕೇಳಿದರೆ ಕೊಡಬೇಕಾದ ಉತ್ತರವನ್ನು ತರಬೇತಿಯಲ್ಲೇ ಬಾಯಿಪಾಠ ಮಾಡಿಸಿದ್ದರು: "ನಿಮಗೇನನ್ನಿಸುತ್ತೆ?"

ಬಟ್ಟೆಗೆ ಹಾಲು ಚೆಲ್ಲದಿರಲಿ ಎಂದು ಕೊಟ್ಟದ್ದು ಆ ಬಿಳಿ ಕೋಟು.

ಬಾಟಲಿಯನ್ನು ಎತ್ತಿ ಕಸದ ಬುಟ್ಟಿಗೆ ಹಾಕುವಾಗ ಅವಳಿಗೆ ಥಟ್ಟನೆ ನೆನಪಾಯಿತು. ಕುತ್ತಿಗೆಗೆ ಹಳದಿ ಮಫ್ಲರ್ ಸುತ್ತಿಕೊಂಡ, ಮಾತಿನಮಲ್ಲಿ ಅಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತಿಯಾದವರು. ಪಟ್ಟಿಯಲ್ಲಿದ್ದ ಪ್ರಶ್ನೆಯನ್ನು ಇವಳು ಇದ್ದದ್ದು ಇದ್ದ ಹಾಗೇ ಓದಿದ್ದಳು. ಈ ಪಾನೀಯ ಶುರುಮಾಡಿದ ಮೇಲೆ ನಿಮ್ಮ ಬಿ.ಪಿ. ಮಾತ್ರೆ ಬಿಟ್ಟಿದ್ದೀರಾ?

ಆಪರೇಟರಮ್ಮ ಕಣ್ಣರಳಿಸಿ ಕೇಳಿದ್ದರು, "ಬಿಡಬಹುದಾ?"

ಇವಳು ಮುಗುಳ್ನಕ್ಕು ಹೇಳಿದ್ದಳು, "ನಿಮಗೇನನ್ನಿಸುತ್ತೆ ಅಮ್ಮ?"

ಅಯ್ಯೋ ದೇವರೇ...

ಅವಳು ಫ್ರಿಜ್ಜಿನ ಬಾಗಿಲನ್ನು ಹಿಡಿದುಕೊಂಡು ನಿಂತಳು. ಕೈ ತಣ್ಣಗಾದದ್ದು ಫ್ರಿಜ್ಜಿನಿಂದಲೋ ಭಯದಿಂದಲೋ ಅವಳಿಗೇ ತಿಳಿಯಲಿಲ್ಲ.

ಮನೆಯಲ್ಲಿ ಊಟ ಸೇರಲಿಲ್ಲ. ಅವಳದು ಅಕ್ಕನ ಜೊತೆ ವಾಸ. ಅಕ್ಕ ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು, ತಂಗಿಯನ್ನು ಕರೆಯುವುದೇ ‘ಪ್ರಶ್ನೆಪತ್ರಿಕೆ’ ಎಂದು. ಇವತ್ತು ಪ್ರಶ್ನೆಪತ್ರಿಕೆ ಯಾಕೆ ಖಾಲಿ ಹಾಳೆಯ ಹಾಗೆ ಕೂತಿದೆ ಎಂದು ರೇಗಿಸಿದಳು. ವಿಷಯ ತಿಳಿದ ಮೇಲೆ, ನೀನು ನಿಯಮದ ಪ್ರಕಾರ ನಡೆದೆ, ನಿನ್ನ ತಪ್ಪೇನಿದೆ ಎಂದು ಸಮಾಧಾನ ಮಾಡಿದಳು.

"ನಾನು ಕೇಳಿದೆ ಅಕ್ಕ. ಆದ್ರೆ ಕೇಳಿಸ್ಕೊಳ್ಳಲಿಲ್ಲ. ಅವರು ನನ್ನನ್ನ ನಂಬಿ ಕೇಳಿದ್ರು."

ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಕೆಲವು ದಿನ ಕಳೆದ ಮೇಲೆ, ಮಧ್ಯಾಹ್ನ ಅಂಗಡಿ ಬಿಕೋ ಎನ್ನುವ ಹೊತ್ತಿಗೆ, ಅವನು ಮತ್ತೆ ಬಂದ. ಈ ಸಲ ಗಡ್ಡ ಬೋಳಿಸಿದ್ದ. ಚೀಲವನ್ನು ಕೆಳಗಿಟ್ಟು, ಬೈಸಿಕೊಳ್ಳಲು ಸಿದ್ಧನಾದವನಂತೆ ಕೈಕಟ್ಟಿ ನಿಂತ. ಲಿಫ್ಟ್ ರಿಪೇರಿ ಮಾಡುವವನಂತೆ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳೆಲ್ಲ ಇವನ ಮಾತು ಕೇಳುತ್ತವಂತೆ, ಅಮ್ಮ ಒಬ್ಬರು ಮಾತ್ರ ಕೇಳುವುದಿಲ್ಲ. ತಾಯಿ ಮನೆಗೆ ಬಂದಿದ್ದರೂ ಮಾತ್ರೆ ಮುಟ್ಟುತ್ತಿರಲಿಲ್ಲ. ನುಂಗಿದ ಹಾಗೆ ಮಾಡಿ ಮಫ್ಲರಿನ ಮಡಿಕೆಯಲ್ಲಿ ಅಡಗಿಸುತ್ತಿದ್ದರು. ಇನ್ನೊಂದು ಸಲ ಹೀಗಾದರೆ ನಮ್ಮಿಂದಲೂ ಏನೂ ಮಾಡಲಾಗದು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

"ಡಾಕ್ಟರ್ ಮಾತಿಗಿಂತ ನಿಮ್ಮ ಮಾತೇ ಹೆಚ್ಚು ಅವರಿಗೆ. ಒಂದ್ಸಲ ಬಂದು ಹೇಳಿ. ಕೋಟು ಹಾಕ್ಕೊಂಡೇ ಬನ್ನಿ."

ಪ್ರಶ್ನೆ ಕೇಳಿಸಿಕೊಂಡವರನ್ನು ಹೊರಗೆ ಭೇಟಿಯಾಗುವಂತಿಲ್ಲ. ಭೇಟಿಯಾದರೆ ಕೆಲಸ ಹೋದಂತೆಯೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವನ ಮುಖದಲ್ಲಿ ಇದ್ದದ್ದು ಹಿಂದಿನ ಕೋಪವಲ್ಲ, ಹೆದರಿಕೆ. ತಾಯಿ ಕೈತಪ್ಪಿ ಹೋಗುತ್ತಾಳೇನೋ ಎನ್ನುವ ಮಗನ ಹೆದರಿಕೆ.

"ಭಾನುವಾರ ಬರ್ತೀನಿ," ಅಂದಳು.

ಭಾನುವಾರ ಕೋಟನ್ನು ಮಡಿಸಿ ಕೈಚೀಲದಲ್ಲಿ ಇಟ್ಟುಕೊಂಡೇ ಹೋದಳು. ಬಾಗಿಲ ಮುಂದೆ ನಿಂತು ಅದನ್ನು ತೆಗೆದಳು. ಒಂದು ತೋಳಿಗೆ ಕೈ ತೂರಿಸಿದಳು... ಮತ್ತೆ ತೆಗೆದು ಚೀಲಕ್ಕೆ ತುರುಕಿದಳು. ಈ ಕೋಟೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು!

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಆಪರೇಟರಮ್ಮ ಕೂತಿದ್ದರು. ಎಡಗೈ ಮಡಿಲಲ್ಲಿ ಯಾರದೋ ಸಾಮಾನಿನ ಹಾಗೆ ಬಿದ್ದಿತ್ತು. ಕೋಟಿಲ್ಲದ ಹುಡುಗಿಯ ಗುರುತು ಅವರಿಗೆ ಸಿಗಲಿಲ್ಲ. ಮಗ ಹೇಳಿದ ಮೇಲೆ ಮೇಲಿಂದ ಕೆಳಗೆ ನೋಡಿ, ಡಾಕ್ಟರ್ ಇಷ್ಟು ಚಿಕ್ಕವಳಾ ಎಂದರು.

ಅವಳು ಅವರ ಕಾಲಿನ ಬಳಿ ಮಣೆಯ ಮೇಲೆ ಕೂತಳು.

"ನಾನು ಡಾಕ್ಟರ್ ಅಲ್ಲ ಅಮ್ಮ. ನರ್ಸೂ ಅಲ್ಲ. ಹಾಲು ಚೆಲ್ಲದೇ ಇರಲಿ ಅಂತ ಕೋಟು ಹಾಕ್ತಾರೆ ಅಷ್ಟೇ. ಅವತ್ತು ಬಿಡಬಹುದಾ ಅಂತ ಕೇಳಿದ್ರಲ್ಲ, ಗೊತ್ತಿಲ್ಲ, ಡಾಕ್ಟರನ್ನ ಕೇಳಿ ಅಂತ ನಾನು ಹೇಳ್ಬೇಕಿತ್ತು. ಹೇಳಲಿಲ್ಲ. ತಪ್ಪು ನನ್ನದು."

ಬಾಗಿಲ ಬಳಿ ನಿಂತಿದ್ದ ಮೆಕ್ಯಾನಿಕ್ ತಿರುಗಿ ಅವಳನ್ನೇ ನೋಡಿದ. ಕಾದಾಡಲು ಹೋದಾಗ ‘ನಾನು ಹೇಳಿಲ್ಲ’ ಎಂದವಳು ಇವಳೇನಾ!

"ಬಿಳಿ ಕೋಟು ಹಾಕ್ಕೊಂಡೋರು ಸುಮ್‌ಸುಮ್ನೆ ಕೇಳ್ತಾರಾ ಅಂದ್ಕೊಂಡೆ ಮಗಳೇ," ಎಂದು ಆಪರೇಟರಮ್ಮ ನಿಟ್ಟುಸಿರು ಬಿಟ್ಟರು. "ಬಿಟ್ಟಿದ್ದೀರಾ ಅಂದೆ ನೀನು. ಬಿಡೋದು ಒಂದು ಪದ್ಧತಿ ಇರ್ಬೇಕು ಅಂದ್ಕೊಂಡೆ. ನಿಮಗೇನನ್ನಿಸುತ್ತೆ ಅಂದೆ. ನನಗೆ ಬಿಡ್ಬೇಕು ಅಂತಾನೇ ಅನ್ನಿಸ್ತಿತ್ತು."

"ಯಾಕೆ ಅಮ್ಮ ಹಾಗನ್ನಿಸ್ತಿತ್ತು?"

ಇದು ಯಾವ ಪಟ್ಟಿಯಲ್ಲೂ ಇಲ್ಲದ ಪ್ರಶ್ನೆ. ಆಪರೇಟರಮ್ಮ ಮೆಲ್ಲಗೆ ಕಾಲುಚೀಲ ಕೆಳಗೆಳೆದು, ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗೆ ಊದಿ ಇನ್ನೂ ಪೂರ್ತಿ ಇಳಿಯದ ಪಾದ ತೋರಿಸಿದರು. ಆ ಮಾತ್ರೆ ನುಂಗಿದಾಗಲೆಲ್ಲ ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲವಂತೆ. ಡಾಕ್ಟರಿಗೆ ಹೇಳಿದರೆ ಎಲ್ಲಿ ಬೈಯುತ್ತಾರೋ ಎಂದು ಹೇಳಿರಲಿಲ್ಲ. ಮಗನಿಗೆ ಹೇಳಿದರೆ ಕೆಲಸ ಬಿಟ್ಟು ಕೂರುತ್ತಾನೆಂದು ಅವನಿಗೂ ಹೇಳಿರಲಿಲ್ಲ. ಬಾಟಲಿಯಲ್ಲಿ ಹಾಲು, ಹಾಲಿನಲ್ಲಿ ಔಷಧಿ, ಊತವಿಲ್ಲ, ಗಂಟಲಿಗೂ ಹಿತ... ಯಾರಿಗೆ ಬೇಡ ಹೇಳಿ?

ಮಗನ ಮುಖ ಸಪ್ಪಗಾಯಿತು. ಒಂದೇ ಮನೆಯಲ್ಲಿದ್ದೂ ಅಮ್ಮನ ಪಾದ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನವೇ ಡಾಕ್ಟರು ಮಾತ್ರೆ ಬದಲಿಸಿದರು. ಊತದ ಬಗ್ಗೆ ಮೊದಲೇ ಹೇಳಬಾರದಿತ್ತೇ ಎಂದು ನಕ್ಕರು. ಹಾಲಿನ ಪಾನೀಯ ರುಚಿಸಿದರೆ ಧಾರಾಳವಾಗಿ ಕುಡಿಯಿರಿ, ಆದರೆ ಅದು ಊಟದ ಲೆಕ್ಕ, ಮಾತ್ರೆಯ ಲೆಕ್ಕವಲ್ಲ ಎಂದೂ ಹೇಳಿದರು. ಆಪರೇಟರಮ್ಮ ಒಪ್ಪಿದರು. ಒಂದು ಷರತ್ತು ಮಾತ್ರ ಹಾಕಿದರು. ಭಾನುವಾರ ಭಾನುವಾರ ಈ ಹುಡುಗಿ ಬಂದು, ವಾರವೆಲ್ಲ ಸರಿಯಾಗಿ ನುಂಗಿದ್ದೀರಾ ಎಂದು ವಿಚಾರಿಸಬೇಕು. ಇಲ್ಲದಿದ್ದರೆ ತಾನು ಜವಾಬ್ದಾರಳಲ್ಲ.

ಹೀಗೆ ಅವಳ ಭಾನುವಾರಗಳೆಲ್ಲ ಆ ಮನೆಗೆ ಸೇರಿದವು.

ಆಪರೇಟರಮ್ಮನ ಬೆರಳಿಗೆ ರಬ್ಬರ್ ಚೆಂಡು ಹಿಸುಕುವ ವ್ಯಾಯಾಮ ಮಾಡಿಸುತ್ತ ಅವಳು ಎಕ್ಸ್‌ಚೇಂಜಿನ ಕಥೆ ಕೇಳುತ್ತಿದ್ದಳು. ಮೆಕ್ಯಾನಿಕ್ ಚಹಾ ಮಾಡುತ್ತಿದ್ದ. ಪ್ರತಿ ಸಲವೂ ಒಂದೋ ಸಕ್ಕರೆ ಮರೆಯುತ್ತಿದ್ದ, ಇಲ್ಲವೇ ಎರಡು ಸಲ ಹಾಕುತ್ತಿದ್ದ. ಲಿಫ್ಟಿಗೆ ಹಾಕೋ ಎಣ್ಣೆ ಹಾಕಿಲ್ಲವಲ್ಲ, ಪುಣ್ಯ ಎಂದು ತಾಯಿ ಛೇಡಿಸಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಇವಳು ಲೋಟದ ಹಿಂದೆ ನಗು ಅಡಗಿಸುತ್ತಿದ್ದಳು.

ಒಂದು ಸಂಜೆ ಅವಳನ್ನು ಬಸ್ಸಿನವರೆಗೆ ಬಿಡಲು ಬಂದವನು ಮೆಟ್ಟಿಲಿಳಿಯುತ್ತ ತಡೆದು ನಿಂತ.

"ಆ ಬಾಟಲಿ ಮೊದಲು ಮನೆಗೆ ತಂದಿದ್ದು ನಾನೇ. ಬಿ.ಪಿ.ಗೆ ಒಳ್ಳೇದು ಅಂತ ಬರೆದಿತ್ತಲ್ಲ, ಅಮ್ಮನಿಗೆ ಏನೋ ದೊಡ್ಡ ಉಪಕಾರ ಮಾಡ್ತಿದ್ದೀನಿ ಅಂದ್ಕೊಂಡು ತಂದೆ. ನಿಮ್ಮ ಮೇಲೆ ಕೂಗಾಡಿದ್ದು... ನನ್ನ ಮೇಲಿನ ಸಿಟ್ಟು ಅದು."

ಅವಳಿಗೆ ಅವನ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ತನ್ನ ಕೈಯನ್ನೇ ತಾನು ಹಿಡಿದುಕೊಂಡಳು. ಪ್ರೀತಿ ಎಂದರೆ ಇದೇ ಎಂದು ಅವಳಿಗೆ ಅಲ್ಲೇ ತಿಳಿಯಿತು.

ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಆಡುತ್ತಲೇ ಇತ್ತು. ನಾನು ಅಲ್ಲಿಗೆ ಹೋಗುವುದು ತಪ್ಪು ತೀರಿಸಲು. ಅವರು ಕರೆಯುವುದು ಮಾತ್ರೆಗಾಗಿ. ಅದಿಲ್ಲದಿದ್ದರೆ ನಾನು ಆ ಮನೆಗೆ ಯಾರು?

ಇನ್ನೊಂದು ಮುಳ್ಳೂ ಇತ್ತು. ‘ಮಾತ್ರೆ ಬಿಟ್ಟಿದ್ದೀರಾ’ ಎಂಬ ಆ ಪ್ರಶ್ನೆಯನ್ನು ಅವಳ ಜೊತೆಯವರು ಬೇರೆ ಬೇರೆ ಅಂಗಡಿಗಳಲ್ಲಿ ಇನ್ನೂ ಕೇಳುತ್ತಲೇ ಇದ್ದರು. ಎಷ್ಟು ಜನ ಅಮ್ಮಂದಿರು ಹಾಗೇ ಅರ್ಥ ಮಾಡಿಕೊಂಡಿರುತ್ತಾರೋ! ಕೊನೆಗೆ ತಡೆಯಲಾಗದೆ ಮೇಲಧಿಕಾರಿಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು, ಭಾನುವಾರದ ಭೇಟಿಗಳನ್ನೂ ಸೇರಿಸಿ. ಮೇಲಧಿಕಾರಿ ಕೆಟ್ಟವರಲ್ಲ. ಆ ಪ್ರಶ್ನೆಯನ್ನು ಪಟ್ಟಿಯಿಂದ ತೆಗೆಸಿದರು. ಮಾತು ಮುಗಿದ ಮೇಲೆ ‘ಇದು ಮಾತ್ರೆಗೆ ಬದಲಲ್ಲ’ ಎಂದು ಎಲ್ಲರಿಗೂ ಹೇಳಿಯೇ ಕಳಿಸಬೇಕು ಎಂಬ ಹೊಸ ನಿಯಮ ತಂದರು. ಹಳೆಯ ನಿಯಮ ಮುರಿದದ್ದಕ್ಕೆ ಅವಳನ್ನು ಪ್ರಶ್ನೆ ಕೇಳುವ ಕೆಲಸದಿಂದಲೂ ತೆಗೆದರು. ನಗರದ ಇನ್ನೊಂದು ತುದಿಯ ಅಂಗಡಿಯಲ್ಲಿ ನಾರಿನ ಬ್ರೆಡ್ಡು ಕತ್ತರಿಸಿ ಗಿರಾಕಿಗಳಿಗೆ ರುಚಿ ತೋರಿಸುವ ಕೆಲಸ ಸಿಕ್ಕಿತು.

ಇದನ್ನು ಅವಳು ಆ ಮನೆಯಲ್ಲಿ ಬಾಯಿಬಿಡಲಿಲ್ಲ. ಮೆಕ್ಯಾನಿಕ್ ಹಳೆಯ ಅಂಗಡಿಗೆ ಹೋದಾಗ ಅಲ್ಲಿಯವರೇ ಹೇಳಿದರು.

ಮುಂದಿನ ಭಾನುವಾರ ಅವನು ಕಟ್ಟಡದ ಕೆಳಗೇ ಕಾಯುತ್ತಿದ್ದ. ಮುಖದಲ್ಲಿ ನಗುವಿರಲಿಲ್ಲ.

"ಅಮ್ಮ ಈಗ ತಾವಾಗೇ ಮಾತ್ರೆ ತಗೋತಾರೆ. ಬೆರಳೂ ಸರಿಹೋಗ್ತಿದೆ. ನೀವು ಇನ್ಮೇಲೆ... ಮಾತ್ರೆಗೋಸ್ಕರ ಅಂತ ಬರ್ಬೇಕಾಗಿಲ್ಲ."

ಅವಳಿಗೆ ‘ಬರಬೇಕಾಗಿಲ್ಲ’ ಎನ್ನುವುದಷ್ಟೇ ಕೇಳಿಸಿತು. ಒಳ್ಳೆಯದಾಯಿತು, ಅಮ್ಮನನ್ನು ಕೇಳಿದೆನೆಂದು ಹೇಳಿ ಎಂದು ಹೇಗೋ ಹೇಳಿ ತಿರುಗಿದಳು. ಅವನು ಏನೋ ಹೇಳಲು ಬಾಯಿ ತೆರೆದದ್ದನ್ನು ಅವಳು ನೋಡಲೇ ಇಲ್ಲ.

ಮುಗಿಯಿತಲ್ಲ... ಕಾಯಿಲೆ ವಾಸಿಯಾಯಿತು, ಔಷಧಿ ಬೇಡವಾಯಿತು. ಅಕ್ಕನ ಮಡಿಲಲ್ಲಿ ತಲೆಯಿಟ್ಟು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಕೂದಲು ನೇವರಿಸುತ್ತ, ಅವನು ಯಾಕೆ ಹಾಗೆಂದ ಎಂದು ಒಂದು ಪ್ರಶ್ನೆ ಕೇಳಬಾರದಿತ್ತೇ, ಊರಿಗೆಲ್ಲ ಪ್ರಶ್ನೆ ಕೇಳಿದವಳು ನೀನು ಎಂದಳು. ಉತ್ತರ ಕೇಳುವ ಧೈರ್ಯ ನನಗಿರಲಿಲ್ಲ ಎಂದಳು ತಂಗಿ.

ಅತ್ತ ಆಪರೇಟರಮ್ಮ ಮಗನ ಜೊತೆ ಮಾತು ಬಿಟ್ಟಿದ್ದರು. ಮಾತ್ರೆಯನ್ನು ಮಾತ್ರ ತಪ್ಪದೆ, ಅವನ ಎದುರಿಗೇ, ಅವನನ್ನು ದುರುಗುಟ್ಟಿ ನೋಡುತ್ತ ನುಂಗುತ್ತಿದ್ದರು.

ಬ್ರೆಡ್ಡಿನ ಅಂಗಡಿಯಲ್ಲಿ ಬೆಳಗಿನ ಗಲಾಟೆ ಮುಗಿದು ಸಾಲು ಕರಗುತ್ತಿತ್ತು. ಅವಳು ತಲೆ ತಗ್ಗಿಸಿ ತುಂಡು ಕತ್ತರಿಸುತ್ತ, ಇದನ್ನು ತಿಂದ ಮೇಲೆ ನೀರು ಚೆನ್ನಾಗಿ ಕುಡಿಯಿರಿ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ಈಗ ಹೇಳಬಹುದಿತ್ತಲ್ಲ, ಆದ್ದರಿಂದ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಮುಂದಿನವರಿಗೆ ತಟ್ಟೆ ಚಾಚಿದಳು. ಗ್ರೀಸು ಅಂಟಿದ ಕೈಯೊಂದು ತುಂಡು ಎತ್ತಿಕೊಂಡಿತು.

ಅವಳು ಗಾಬರಿಯಿಂದ ತಲೆ ಎತ್ತಿದಳು.

"ಅಮ್ಮನಿಗೆ ಏನಾಯ್ತು?"

"ಏನೂ ಆಗಿಲ್ಲ. ಬಿ.ಪಿ. ಸರಿಯಾಗಿದೆ. ನಿನ್ನೆ ಎಡಗೈಯಲ್ಲೇ ಸ್ವೆಟರಿನ ಗುಂಡಿ ಹಾಕ್ಕೊಂಡ್ರು."

ಅವಳು ಉಸಿರು ಬಿಟ್ಟಳು. ಕಣ್ಣು ತುಂಬಿ ಬಂದದ್ದನ್ನು ತೋಳಿನಿಂದ ಒರೆಸಿಕೊಂಡಳು. ಆಮೇಲೆ ನೆನಪಾಗಿ ಮುಖ ಬಿಗಿದುಕೊಂಡಳು.

"ಮತ್ತೆ ಯಾಕೆ ಬಂದ್ರಿ? ಬರ್ಬೇಕಾಗಿಲ್ಲ ಅಂದಿದ್ದು ನೀವೇ ಅಲ್ವಾ?"

ಮೆಕ್ಯಾನಿಕ್ ಬ್ರೆಡ್ಡಿನ ತುಂಡನ್ನು ಕೈಯಲ್ಲೇ ತಿರುಗಿಸುತ್ತ ನಿಂತ.

"ಪೂರ್ತಿ ಹೇಳೋಕೆ ಬಿಡಲಿಲ್ಲ ನೀವು. ನಮ್ಮ ಮನೆಗೆ ಬರ್ತಾ ಬರ್ತಾ ಕೆಲಸ ಕಳ್ಕೊಂಡ್ರಿ, ನನಗೊಂದು ಮಾತು ಹೇಳಲಿಲ್ಲ. ತಪ್ಪು ಮಾಡಿದೆ ಅಂದ್ಕೊಂಡು ಬರೋವಳ ಹತ್ರ ಪ್ರೀತಿಸ್ತೀನಿ ಅಂತ ಹೇಗೆ ಹೇಳ್ಲಿ? ನೀವು ಇಲ್ಲ ಅನ್ನೋಕೆ ಆಗ್ತಿರಲಿಲ್ಲ. ಅಮ್ಮನ ಮುಖ ನೋಡಿ ಹೂಂ ಅಂದುಬಿಡ್ತಿದ್ರಿ. ಅದು ನನಗೆ ಬೇಡ. ನೀವು ಇಲ್ಲ ಅನ್ನಬಹುದಾದ ಜಾಗದಲ್ಲಿ ಕೇಳ್ಬೇಕು ಅಂತ ಇದ್ದೆ."

ಅವಳು ಚಾಕುವನ್ನು ಮೆಲ್ಲಗೆ ಕೆಳಗಿಟ್ಟಳು. ಇಷ್ಟು ದಿನ ಎದೆಯಲ್ಲಿ ಆಡುತ್ತಿದ್ದ ಮುಳ್ಳು ಇವನಿಗೂ ಚುಚ್ಚುತ್ತಿತ್ತೇ! ಇವನಿಗೂ ಅದೇ ಹೆದರಿಕೆಯಿತ್ತೇ!

ಹಿಂದೆ ನಿಂತಿದ್ದ ಹೆಂಗಸು, ಇಲ್ಲೇನು ಬ್ರೆಡ್ಡು ಕೊಡುತ್ತೀರೋ ಇಲ್ಲವೋ ಎಂದು ಗೊಣಗಿದರು. ಇವನ ಮುಖ ನೋಡಿ, ಪಾಪ ಮಾತಾಡಿಕೊಳ್ಳಲಿ ಎಂದು ತಾವೇ ಒಂದು ತುಂಡು ತೆಗೆದುಕೊಂಡು ಮುಂದೆ ಹೋದರು.

"ಈ ಜಾಗದಲ್ಲಿ ಇಲ್ಲ ಅನ್ನಬಹುದಾ?" ಅವಳು ಕೇಳಿದಳು.

"ಅನ್ನಬಹುದು. ನಾನು ಬೇಜಾರು ಮಾಡ್ಕೊಳ್ಳಲ್ಲ. ಸುಳ್ಳು... ಮಾಡ್ಕೋತೀನಿ. ಆದ್ರೂ ಅನ್ನಬಹುದು."

ಅವಳು ಅವನನ್ನೇ ನೋಡಿದಳು. ಬಿಗಿದುಕೊಂಡಿದ್ದ ಮುಖ ತಾನಾಗಿ ಸಡಿಲವಾಯಿತು.

"ಅನ್ನಲ್ಲ," ಅಂದಳು.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿದ್ದ ಬ್ರೆಡ್ಡನ್ನು ಬಾಯಿಗೆ ಹಾಕಿಕೊಂಡ. ಅಗಿಯುತ್ತ ಅಗಿಯುತ್ತ ಅವನ ಕಣ್ಣಲ್ಲಿ ನೀರು ತುಂಬಿತು.

"ಹೇಗಿದೆ?"

"ಹೊಟ್ಟು ತಿಂದ ಹಾಗಿದೆ," ಎಂದ ಪ್ರಾಮಾಣಿಕವಾಗಿ. "ಇನ್ನೊಂದು ಕೊಡಿ."

ಅವಳು ಮೇಜಿನ ಮೇಲಿಂದ ಕೈ ಚಾಚಿ, ಈ ಸಲ ಅವನ ಕೈಯನ್ನೇ ಹಿಡಿದುಕೊಂಡಳು.